ಒಂಬತ್ತು ವರ್ಷದ ಅತ್ತೆ

ಬೀದಿಯವರು ಅವಳನ್ನು ಕತ್ತರಿಯಮ್ಮ ಎಂದು ಕರೆಯುತ್ತಿದ್ದದ್ದು ಬರೀ ಹೊಲಿಗೆಯ ಕಸುಬಿಗಾಗಿ ಅಲ್ಲ. ಅವಳ ನಾಲಿಗೆ ಬಟ್ಟೆಗಿಂತ ಮನುಷ್ಯರನ್ನು ಚೆನ್ನಾಗಿ ಕತ್ತರಿಸುತ್ತಿತ್ತು. ಗುಂಡಿ ಹಾಕಿಸಲು ಬಂದವರೂ ಬೈಸಿಕೊಂಡೇ ಹೋಗುತ್ತಿದ್ದರು. ಆದರೂ ಮತ್ತೆ ಬರುತ್ತಿದ್ದರು, ಏಕೆಂದರೆ ಅವಳು ಹೊಲಿದ ಕೋಟು ಮೈಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂದೆ ಅಡುಗೆಮನೆ, ಅಲ್ಲೊಂದು ಸಾಮಾನಿನ ಬೀರು, ಅದರ ಕೀಲಿಗೊಂಚಲು ಅವಳ ಸೊಂಟದಲ್ಲಿ. ಸೊಸೆ ಆ ಮನೆಗೆ ಕಾಲಿಟ್ಟ ದಿನದಿಂದ ಸಕ್ಕರೆ ಬೇಕೆಂದರೂ ಸೋಪು ಬೇಕೆಂದರೂ ಹೊಲಿಗೆ ಯಂತ್ರದ ಪಕ್ಕ ಬಂದು ನಿಲ್ಲಬೇಕಿತ್ತು. "ಬೇಕಾದಾಗ ಹೇಳು, ತೆಗೆದುಕೊಡಲ್ವಾ? ಎಲ್ಲಾ ನಿನ್ನ ಒಳ್ಳೇದಕ್ಕೇ," ಎನ್ನುತ್ತಿದ್ದಳು ಅತ್ತೆ.

ವಯಸ್ಸಾದಂತೆ ಅತ್ತೆಯ ಕಿವಿ ಹೋಯಿತು. ತಿರುಗಿ ಬೈದದ್ದು ಕೇಳಿಸದಿದ್ದರೆ ಜಗಳಕ್ಕೆ ರುಚಿಯೆಲ್ಲಿ? ಕಿವಿಗೆ ಯಂತ್ರ ಹಾಕಿಸಿಕೊಂಡಳು. ಆ ಯಂತ್ರಕ್ಕೆ ತನ್ನದೇ ಬುದ್ಧಿ ಇರಲಿಲ್ಲ. ಮಾತು, ಗದ್ದಲ, ಪಾತ್ರೆ ಬಿದ್ದ ಸದ್ದು, ಎಲ್ಲವನ್ನೂ ಒಂದೇ ಸಮ ಕಿವಿಗೆ ಸುರಿಯುತ್ತಿತ್ತು. ಅದನ್ನು ಅವಳ ಕಿವಿಗೆ ತಕ್ಕಂತೆ ಪಳಗಿಸಲು ಫೋನಿನಲ್ಲಿ ಸದಾ ಒಂದು ಆ್ಯಪ್ ಇರಬೇಕು. ಯಂತ್ರ ಮಾಡಿದ ಕಂಪನಿ ಬಾಗಿಲು ಹಾಕಿಕೊಂಡಿತು, ಅದರ ಜೊತೆಗೆ ಆ್ಯಪ್ ಕೂಡ ಫೋನಿನ ಅಂಗಡಿಯಿಂದ ಮಾಯವಾಯಿತು. ಎದುರು ಸಾಲಿನ ರೇಡಿಯೊ ರಿಪೇರಿಯವನು ಮಾತ್ರ ಅದರ ಫೈಲನ್ನು ಎತ್ತಿಟ್ಟಿದ್ದ, ಅವಳ ಫೋನಿಗೆ ಅವನೇ ಹಾಕಿಕೊಟ್ಟ. ಆ ಹಳೆಯ ಫೋನಿಗೆ ಮರ್ಯಾದೆ ಗೊತ್ತಿತ್ತು. ಇದರಿಂದ ಅಪಾಯ ಆದೀತು ಎಂದು ಒಂದು ಮಾತು ಹೇಳಿ, ಆಮೇಲೆ ಯಜಮಾನಿ ಹೇಳಿದ್ದನ್ನು ಹಾಕಿಕೊಳ್ಳುತ್ತಿತ್ತು.

ಅದನ್ನು ಕೊಂದವಳೂ ಅವಳೇ. ಈಗಿನ ಗಿರಾಕಿಗಳಿಗೆ ಕೋಟಿನ ಒಳಜೇಬಿನಲ್ಲಿ ಫೋನು ಹಿಡಿಸಲೇಬೇಕು. ಹಾಗಾಗಿ ಜೇಬಿನ ಆಳ ನೋಡಲು ಕತ್ತರಿಯಮ್ಮ ಟೇಪು ಹಿಡಿಯುತ್ತಿರಲಿಲ್ಲ, ತನ್ನ ಫೋನನ್ನೇ ಇಳಿಬಿಡುತ್ತಿದ್ದಳು. ಒಂದು ದಿನ ಇಳಿಬಿಟ್ಟವಳು ತೆಗೆಯುವುದನ್ನು ಮರೆತಳು. ಜೇಬಿನ ಬಾಯಿಗೆ ಕಚ್ಚಾ ಹೊಲಿಗೆ ಹಾಕಿ, ಕೋಟನ್ನು ಮೇಜಿನ ಮೇಲೆ ಹರಡಿ, ಒದ್ದೆ ಬಟ್ಟೆ ಹಾಸಿ, ಭಾರದ ಇಸ್ತ್ರಿಪೆಟ್ಟಿಗೆ ಇಟ್ಟಳು. ಕೈಗೆ ಗಂಟು ಸಿಕ್ಕಿತು. ಒಳಪದರ ಮುದುಡಿದೆ ಎಂದುಕೊಂಡು ಇನ್ನೂ ಬಲವಾಗಿ ಒತ್ತಿದಳು. ಬಿಸಿ ತಾಳದೆ ಫೋನು ಎರಡು ಸಲ ಬಾಯಿ ಬಡಿದುಕೊಂಡಿತ್ತಂತೆ. ಇಸ್ತ್ರಿ ಮಾಡುವಾಗ ಅವಳು ಕಿವಿಯ ಯಂತ್ರ ತೆಗೆದಿಡುತ್ತಿದ್ದಳು.

ಹೊಸ ಫೋನು ತಂದವಳು ಸೊಸೆ, ಅದನ್ನು ಸಜ್ಜು ಮಾಡಿ ಕೈಗಿತ್ತವಳೂ ಅವಳೇ. ರಿಪೇರಿಯವನು ಫೈಲನ್ನು ಅದಕ್ಕೆ ಕಳುಹಿಸಿದ. ಕತ್ತರಿಯಮ್ಮ ಒತ್ತಿದಳು. 'ನಿಮ್ಮ ಸುರಕ್ಷತೆಗಾಗಿ ಇದನ್ನು ತಡೆಯಲಾಗಿದೆ. ಹಿರಿಯರ ಒಪ್ಪಿಗೆ ಪಡೆಯಿರಿ' ಎಂದಿತು ಫೋನು. ಹಿರಿಯರಂತೆ! ಆ ಮನೆಯಲ್ಲಿ ಅವಳಿಗಿಂತ ಹಿರಿಯದು ಅಂದರೆ ಹೊಲಿಗೆ ಯಂತ್ರ ಒಂದೇ. ಕೆಳಗಿದ್ದ ಒಪ್ಪಿಗೆ ಕೇಳುವ ಗುಂಡಿ ಒತ್ತಿದಳು. ಸ್ವಲ್ಪ ಹೊತ್ತಿಗೆ 'ನಿರಾಕರಿಸಲಾಗಿದೆ' ಎಂದು ಬಂತು. ಮರುದಿನ ಒತ್ತಿದರೂ ಅದೇ, ಅದರ ಮರುದಿನವೂ ಅದೇ. ಎಲ್ಲೋ ದೂರದಲ್ಲಿ ಕೂತ ಫೋನು ಕಂಪನಿಯವನು ತನ್ನನ್ನು ತಡೆಯುತ್ತಿದ್ದಾನೆ ಎಂದುಕೊಂಡು ಅವನ ವಂಶವನ್ನೆಲ್ಲ ಜಾಲಾಡಿದಳು. ಅಡುಗೆಮನೆಯಲ್ಲಿ ಸೊಸೆ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ತನ್ನ ಫೋನು ಹಿಡಿದು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಆ ದಿನಗಳಲ್ಲಿ ಕತ್ತರಿಯಮ್ಮನ ಪಾಡು ನಾಯಿಪಾಡು. ಪಳಗಿಸದ ಯಂತ್ರ ಕಿವಿಯಲ್ಲಿ ಸೀಟಿ ಹೊಡೆಯುತ್ತಿತ್ತು, ತೆಗೆದರೆ ಬರೀ ಮೌನ. ಗಿರಾಕಿ ತುಂಬುತೋಳು ಎಂದರೆ ಅರೆತೋಳು ಕತ್ತರಿಸಿದಳು. ಜೀವಮಾನದಲ್ಲಿ ಮೊದಲ ಸಲ ಒಬ್ಬನ ಹತ್ತಿರ ತಪ್ಪಾಯಿತು ಎಂದಳು. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಪಕ್ಕದ ಬೀದಿಯ ದರ್ಜಿಯತ್ತ ಕಾಲು ಹಾಕಿದರು. ಹೀಗೇ ನಡೆದರೆ ಅಂಗಡಿ ಮುಚ್ಚಬೇಕಾದೀತು ಎಂಬ ಹೆದರಿಕೆ ಹುಟ್ಟಿತು.

ಕೊನೆಗೆ ಫೋನನ್ನು ರಿಪೇರಿಯವನ ಮೇಜಿಗೆ ಕುಕ್ಕಿದಳು. ಅವನು ಒಳಗೆಲ್ಲ ತಡಕಾಡಿ ನೋಡಿದ, ನಗು ಬಂದರೂ ತಡೆದುಕೊಂಡ. ಬಾಯಲ್ಲಿ ಹೇಳಿ ಪ್ರಯೋಜನವಿಲ್ಲವಲ್ಲ, ಒಂದು ರಟ್ಟಿನ ಮೇಲೆ ಬರೆದು ತೋರಿಸಿದ. ಈ ಫೋನಿನ ಲೆಕ್ಕದಲ್ಲಿ ಅವಳು ಒಂಬತ್ತು ವರ್ಷದ ಹುಡುಗಿ. ಅವಳ ಪಾಲಕಿ ಸೊಸೆ. ಒಪ್ಪಿಗೆ ಕೇಳಿದ್ದೆಲ್ಲ ಹೋದದ್ದು ಸೊಸೆಯ ಫೋನಿಗೆ, ಬೇಡ ಎಂದು ಒತ್ತಿದ್ದೂ ಸೊಸೆಯ ಬೆರಳು. ಎಲ್ಲ ಅಳಿಸಿ ಹೊಸದಾಗಿ ಮಾಡಿದರೂ ಅದು ಸೊಸೆಯ ಗುಟ್ಟಿನ ಪದವನ್ನೇ ಕೇಳುತ್ತದೆ. ಬೇರೆ ಫೋನು ಕೊಳ್ಳಿ ಎಂದೂ ಬರೆದ. ನನ್ನ ಫೋನು ನನ್ನ ಕೈಯಲ್ಲಿರುವಾಗ ಇನ್ನೊಂದು ಕೊಂಡರೆ ಸೊಸೆಗೆ ಸೋತ ಹಾಗಲ್ಲವೇ ಎಂದು ಅವನ ಮೇಲೇ ಹರಿಹಾಯ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ಅವನ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅಂಗಡಿಯಿಂದ ಹಾಗೇ ಹಿಡಿದು ತಂದಿದ್ದ ಕತ್ತರಿಯೂ ಮೇಜಿನ ಮೇಲೆ ಇದ್ದುದರಿಂದ ನುಂಗಿಕೊಂಡ.

ಮನೆಗೆ ಬಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದಳು. ಮಗ ನನ್ನನ್ನು ಮಧ್ಯೆ ಎಳೀಬೇಡಿ ಎಂದು ಕೈಯಾಡಿಸಿ ಹೊರಗೆ ಹೋದ. ಸೊಸೆ ಮಾತ್ರ ಒಂದಿಷ್ಟೂ ಅಲುಗಲಿಲ್ಲ. ಮೇಜಿನ ಮೇಲೆ ಗಿರಾಕಿಯೊಬ್ಬನ ಕಪ್ಪು ಕೋಟಿನ ಬಟ್ಟೆ ಹರಡಿತ್ತು. ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಅದರ ಮೇಲೇ ಬರೆದಳು. ಹಳೆಯ ಫೋನಿನಲ್ಲಿ ಕಂಡದ್ದನ್ನೆಲ್ಲ ಹಾಕಿಕೊಂಡು ನೆಂಟರಿಗೆಲ್ಲ ಹೊಲಸು ಚಿತ್ರ ಹೋಗುವಂತೆ ಮಾಡಿದವರು ನೀವು, ಅದಕ್ಕೇ ಬೀಗ, ಎಲ್ಲ ನಿಮ್ಮ ಒಳ್ಳೆಯದಕ್ಕೇ ಎಂದು ಬರೆದಳು. ಇದು ಕಿವಿಯ ಆ್ಯಪ್ ಕಣೇ, ಗೊತ್ತಿದ್ದೂ ಬೇಡ ಅಂದೆಯಾ ಎಂದು ಅತ್ತೆ ಅರಚಿದಳು. ಗೊತ್ತಿತ್ತು ಎಂದು ಸೊಸೆ ತಲೆಯಾಡಿಸಿದಳು. ಬಟ್ಟೆಯ ಇನ್ನೊಂದು ಮೂಲೆ ಎಳೆದುಕೊಂಡು ದೊಡ್ಡದಾಗಿ ಬರೆದಳು: 'ಬಸುರಿಯಾಗಿದ್ದಾಗ ಹಸಿವಾಗಿ ಬಿಸ್ಕತ್ತು ಕೇಳಿದೆ. ಕೋಟು ಮುಗಿಯಲಿ ಅಂದಿರಿ. ಸಂಜೆಯಾಯಿತು. ನೀವು ಕೀಲಿಯನ್ನು ಸೊಂಟದಲ್ಲಿ ಇಟ್ಟುಕೊಂಡಿರಿ. ನಾನು ಫೋನಿನಲ್ಲಿ ಇಟ್ಟುಕೊಂಡೆ.'

ಕತ್ತರಿಯಮ್ಮನಿಗೆ ಆ ಬಿಸ್ಕತ್ತು ನೆನಪಿರಲಿಲ್ಲ. ಆದರೆ ಸುಳ್ಳು ಎನ್ನುವಂತಿರಲಿಲ್ಲ, ಅಂಥ ಸಂಜೆಗಳು ಆ ಮನೆಯಲ್ಲಿ ಬೇಕಾದಷ್ಟಿದ್ದವು. ಸಿಟ್ಟು ಬಂತು, ಅದರ ಕೆಳಗೆ ನಾಚಿಕೆಯೂ ಆಯಿತು, ನಾಚಿಕೆಯಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ಸೊಂಟದ ಗೊಂಚಲು ಬಿಚ್ಚಿ ಆ ಅಕ್ಷರಗಳ ಮೇಲೆ ಎಸೆದಳು. ತಗೋ, ನನ್ನ ಕಿವಿ ಕೊಡು ಎಂದಳು.

ಸೊಸೆ ಕೀಲಿಗಳನ್ನು ಎತ್ತಿಕೊಂಡಳು. ತನ್ನ ಫೋನು ತೆಗೆದು ಒಂದೇ ಸಲ ಒತ್ತಿದಳು. ಅತ್ತೆಯ ಫೋನಿನಲ್ಲಿ ಆ ಒಂದು ಆ್ಯಪ್ ಬಂದು ಕೂತಿತು. ಬೇರೆ ಯಾವ ಬೀಗವೂ ತೆರೆಯಲಿಲ್ಲ, ಅತ್ತೆಯ ವಯಸ್ಸೂ ಒಂಬತ್ತೇ ಉಳಿಯಿತು. ಕತ್ತರಿಯಮ್ಮ ಯಂತ್ರವನ್ನು ಕಿವಿಗೆ ಸಿಕ್ಕಿಸಿ, ಆ್ಯಪಿನಲ್ಲಿ ಹಳೆಯ ಗುರುತುಗಳನ್ನು ಮತ್ತೆ ಹೊಂದಿಸಿದಳು. ಸೀಟಿ ನಿಂತಿತು.

ಮೊದಲು ಕೇಳಿಸಿದ್ದು ಝಣ್ ಝಣ್ ಎಂಬ ಸದ್ದು. ಇಷ್ಟು ವರ್ಷ ತನ್ನ ಸೊಂಟದಲ್ಲೇ ಇದ್ದ ಆ ಸದ್ದನ್ನು ಅವಳು ಒಂದು ದಿನವೂ ಗಮನಿಸಿರಲಿಲ್ಲ. ಈಗ ಅದು ಅಡುಗೆಮನೆಗೆ ಹೋಯಿತು, ಚಹಾದ ಲೋಟದೊಂದಿಗೆ ವಾಪಸು ಬಂತು.

"ಇನ್ನೇನಾದ್ರೂ ಬೇಕಾದಾಗ ಹೇಳಿ ಅತ್ತೆ," ಎಂದಳು ಸೊಸೆ. "ಕೊಡಲ್ವಾ?"

ಪ್ರತಿಯೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ಕತ್ತರಿಯಮ್ಮನ ಬಾಯಲ್ಲಿ ಬೈಗುಳ ಸಾಲುಗಟ್ಟಿ ನಿಂತವು. ಒಂದು ಗುಟುಕು ಚಹಾ ಕುಡಿದಳು. ಬರೀ ಕಹಿ. ಸೊಸೆ ಕಾಯುತ್ತ ಅಲ್ಲೇ ನಿಂತಿದ್ದಳು, ಹೊಲಿಗೆ ಯಂತ್ರದ ಪಕ್ಕದಲ್ಲಿ.

"ಸಕ್ಕರೆ," ಎಂದಳು ಕತ್ತರಿಯಮ್ಮ.