ಅಜ್ಜನ ಹೋಡಿಯ ಮುಂದಿನ ಹಲಗೆ

ಪಕ್ಕದ ಮನೆಯವರು ಸಂಜೆ ಕೆಂಡದ ಮೇಲೆ ರಾಳ ಹಾಕಿದಾಗ ನನಗೆ ದೇವರ ನೆನಪಾಗುವುದಿಲ್ಲ, ಹೋಡಿಯ ನೆನಪಾಗುತ್ತದೆ. ಮೀನು ಹಿಡಿಯುವ ಸಣ್ಣ ದೋಣಿಗೆ ನಮ್ಮ ಕಡೆ ಹೋಡಿ ಎನ್ನುತ್ತಿದ್ದರು. ಅವ್ವ ತೀರಿಕೊಂಡ ಮೇಲೆ ನಾನು ಬೆಳೆದದ್ದು ಗಡಹಿಂಗ್ಲಜದಲ್ಲಿ, ಹಿರಣ್ಯಕೇಶಿಯ ದಂಡೆಯ ಮೇಲಿದ್ದ ಅಜ್ಜನ ಮನೆಯಲ್ಲಿ. ಮಳೆಗಾಲದ ಮೊದಲು ಅಜ್ಜ ಅಂಗಳದಲ್ಲಿ ಎಣ್ಣೆಗೆ ರಾಳ ಹಾಕಿ ಕುದಿಸಿ, ಹಲಗೆಗಳ ಸಂದಿಗೆ ಹೊಯ್ಯುತ್ತಿದ್ದ. ಆ ವಾಸನೆ ನಮ್ಮ ಕೂದಲಿಗೆ, ಕೌದಿಗೆ, ಬೆಳಗಿನ ರೊಟ್ಟಿಗೂ ಅಂಟಿಕೊಳ್ಳುತ್ತಿತ್ತು. ಆ ಮನೆಯಲ್ಲಿ ಪ್ರತಿಯೊಂದಕ್ಕೂ ಒಂದು ಜಾಗ, ಒಂದು ಹೊತ್ತು. ಬಲೆ ಗೂಟಕ್ಕೆ, ಹುಟ್ಟು ಗೋಡೆಗೆ, ದೀಪ ಹಚ್ಚುವ ಮೊದಲು ಕಾಲು ತೊಳೆಯುವುದು. ಇವತ್ತಿಗೂ ಚಪ್ಪಲಿ ಜೋಡಿಸದೆ ನನಗೆ ನಿದ್ದೆ ಬರುವುದಿಲ್ಲ. ಅಂಥ ಮನೆಯಲ್ಲೇ ಆ ಅವ್ಯವಸ್ಥೆಯ ಕೆಲಸ ನಡೆಯಿತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಹಳೆಯ ಹೋಡಿ ಅಜ್ಜನ ಅಪ್ಪನ ಕಾಲದ್ದು. ಅದರ ಮೂತಿಯ ಮೇಲೆ ಅಡ್ಡಲಾಗಿ ಒಂದು ಹಲಗೆ. ಅಜ್ಜ ಅದರ ಮೇಲೆ ನಿಂತು ಸೊಂಟ ತಿರುಗಿಸಿ ಬೀಸುಬಲೆ ಎಸೆದರೆ ಬಲೆ ತಟ್ಟೆಯಷ್ಟು ದುಂಡಗೆ ಅರಳಿ ನೀರಿಗೆ ಬೀಳುತ್ತಿತ್ತು, ಹೋಡಿ ಮಾತ್ರ ಅಲುಗುತ್ತಿರಲಿಲ್ಲ. ಯುದ್ಧದ ಕಾಲಕ್ಕೆ ಅದರ ತಳ ಕೊಳೆಯಿತು. ಅದರಂತೆಯೇ ಇನ್ನೊಂದನ್ನು ಮಾಡಿಕೊಡಲು ಊರ ಬಡಿಗೇರನಿಗೆ ಹೇಳಿದರು. ಅವನು ಎತ್ತಿನ ಚಕ್ಕಡಿ ಮಾಡುವವನು. ಅಜ್ಜ ಉತ್ತೂರಿಗೆ ಮದುವೆಗೆ ಹೋದಾಗ, ಹಳೆಯದನ್ನು ಬಿಚ್ಚಿ ನೋಡಿದರೆ ತಿಳಿಯುತ್ತದೆ ಎಂದು ಬಡಿಗೇರ ಅಜ್ಜನ ಮಗನನ್ನು, ನಮ್ಮ ಕಾಕಾನನ್ನು, ಒಪ್ಪಿಸಿದ. ಅಜ್ಜ ತಿರುಗಿ ಬಂದಾಗ ಅಂಗಳದಲ್ಲಿ ಹಲಗೆಗಳ ರಾಶಿ ಬಿದ್ದಿತ್ತು.

"ಹೋಡಿ ಎಲ್ಲೈತೋ?" ಎಂದ ಅಜ್ಜ.

"ಇಲ್ಲೇ ಐತೆಲ್ಲ ಅಪ್ಪಾ. ಒಂದು ಹಲಗಿ ಬಿಡದಂಗ ಎಣಿಸಿ ಇಟ್ಟೇನಿ," ಎಂದ ಕಾಕಾ.

"ಎಲುಬು ಎಣಿಸಿ ಇಟ್ರ ಸತ್ತಾಂವ ಎದ್ದ ನಿಂದರ್ತಾನೇನು?"

ಅಳತೆ ತೆಗೆದುಕೊಂಡು ಬಿಚ್ಚಬೇಕು. ಬಿಚ್ಚಿ ಅಳತೆ ತೆಗೆದರೆ ಹಲಗೆಯ ಉದ್ದ ಸಿಗುತ್ತದೆ, ಹೋಡಿಯ ಬಾಗು ಸಿಗುವುದಿಲ್ಲ. ಇಷ್ಟು ಸಣ್ಣ ಮಾತು ಅಷ್ಟು ದೊಡ್ಡವರಿಗೆ ಏಕೆ ಹೊಳೆಯಲಿಲ್ಲವೋ.

ಚಕ್ಕಡಿಯವನು ಮಾಡಿದ ಹೋಡಿ ಚಕ್ಕಡಿಯಂತೆಯೇ ಇತ್ತು. ತಿರುಗಿಸಬೇಕೆಂದರೆ ಎತ್ತು ಹೂಡಬೇಕೇನೋ ಎನ್ನುವಷ್ಟು ಭಾರ. ಆಮೇಲೆ ಇಚಲಕರಂಜಿಯಿಂದ ಒಂದನ್ನು ತರಿಸಿದರು. ಅಲ್ಲಿಯವನು ಪಂಚಗಂಗೆಯಲ್ಲಿ ಜನರನ್ನು ದಾಟಿಸುವ ದೋಣಿ ಕಟ್ಟುವವನು. ಹೊಟ್ಟೆ ಅಗಲ, ಅಂಚು ಮೊಣಕಾಲಿನವರೆಗೆ. ಎಸೆದ ಬಲೆ ಅಂಚಿಗೇ ಸಿಕ್ಕಿಕೊಳ್ಳುತ್ತಿತ್ತು. "ಇದರಾಗ ಬೀಗರನ್ನ ಕೂಡಿಸಿ ಉಣ್ಣಾಕ ಹಾಕಬಹುದು," ಎಂದ ಅಜ್ಜ. ಕಡೆಯದು ಕೊಲ್ಹಾಪುರದ್ದು. ಕೆರೆಯ ಮೇಲೆ ವಿಹಾರಕ್ಕೆ ಹೋಗುವ ದೋಣಿಗಳನ್ನು ಮಾಡುತ್ತಿದ್ದವನು ನೀಲಿ ಬಣ್ಣ ಹಚ್ಚಿ ತಾನೇ ತಂದುಕೊಟ್ಟ. ನೋಡಲು ಚಂದ, ಎತ್ತಲು ಹಗುರ. ಬಲೆ ಕೈಬಿಟ್ಟ ಕ್ಷಣಕ್ಕೆ ಅದು ಹಿಂದಕ್ಕೆ ಜಾರಿತು, ಅಜ್ಜ ಮೊಣಕಾಲೂರಿ ಬಿದ್ದ. ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದವರು ನಕ್ಕರು. "ಹೋಡಿ ಚಾಂಗಲೀ ಆಹೆ, ಆಜೋಬಾ. ವಯ ಝಾಲಂ," ಎಂದ ಕೊಲ್ಹಾಪುರದವನು. ಹೋಡಿ ಚೆನ್ನಾಗಿದೆ, ನಿಮಗೇ ವಯಸ್ಸಾಗಿದೆ ಎಂದು. ಅಂದಿನಿಂದ ಹೊಳೆಗೆ ಕಾಕಾ ಒಬ್ಬನೇ ಹೋಗುತ್ತಿದ್ದ. ಅಜ್ಜ ಬಾಗಿಲಲ್ಲಿ ಕುಳಿತು, ಹರಿಯದ ಬಲೆಯನ್ನು ಹೊಲಿಯುತ್ತ, "ಒಮ್ಮಿ ನಿಂತು ಬೀಸಿ ತೋರಸ್ತೇನಿ," ಎಂದು ತನ್ನಷ್ಟಕ್ಕೆ ಅನ್ನುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಅದೊಂದೇ.

ಅಮಾವಾಸ್ಯೆಗೆ ಅಡುಗೆಮನೆ ಸಾರಿಸುವುದು ಅಜ್ಜಿಯ ಪದ್ಧತಿ. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ರೊಟ್ಟಿ ಬಡಿಯುವಾಗ ಕೂರುತ್ತಿದ್ದ ಮಣೆಯನ್ನು ಆಯಿ ಒಂದು ಅಮಾವಾಸ್ಯೆ ಹೊರಗೆ ತಂದು ಬಿಸಿಲಿಗೆ ಒರಗಿಸಿದಳು. ಯಾವಾಗಲೂ ನೆಲಕ್ಕಿರುತ್ತಿದ್ದ ಅದರ ಮಗ್ಗುಲು ಅಂದು ಹೊರಗೆ ಕಂಡಿತು. ಅದರಲ್ಲಿ ಎರಡು ಕಾಲುಗಳ ತಗ್ಗು ಸವೆದು ಬಿದ್ದಿತ್ತು. ಎಡದ್ದು ಹೆಚ್ಚು ಆಳ, ಹೆಬ್ಬೆರಳು ಒತ್ತುವಲ್ಲಿ ಇನ್ನೂ ಆಳ. ಅಜ್ಜ ಎದ್ದು ಬಂದು ಅದನ್ನು ನೆಲಕ್ಕೆ ಹಾಕಿ ಮೇಲೆ ನಿಂತ. ಕಾಲುಗಳು ಆ ತಗ್ಗಿನಲ್ಲಿ ಕೂತುಬಿಟ್ಟವು. ಬರಿಗೈಯಲ್ಲೇ ಸೊಂಟ ತಿರುಗಿಸಿ ಬಲೆ ಬೀಸಿದಂತೆ ಮಾಡಿದ. ಅಂಗಳದ ಕೋಳಿಗಳು ಚದುರಿದವು.

"ಇದನ್ನ ಎಲ್ಲಿ ಮುಚ್ಚಿಟ್ಟಿದ್ದಿ?"

"ಮುಚ್ಚೂದೇನ ಬಂತು, ಮ್ಯಾಲೆ ಕುಂತಿದ್ದೆ. ಹಲಗಿ ಎಲ್ಲಾ ಒಲಿಗೆ ಹಾಕಾಕತ್ತಿದ್ರು, ಒಂದು ಎಳಕೊಂಡೆ," ಎಂದಳು ಆಯಿ.

ಅಜ್ಜನ ಅಪ್ಪ, ಅಜ್ಜ ಇಬ್ಬರ ಕಾಲೂ ಒಂದೇ ಕಡೆ ಊರಿ ಊರಿ ಸವೆಸಿದ, ಹಳೆಯ ಹೋಡಿಯ ಮೂತಿಯ ಹಲಗೆ ಅದು. ಮೂರು ಊರಿನ ಮೂವರೂ ಹೊಸ ಮರವನ್ನು ನುಣ್ಣಗೆ ಕೆತ್ತಿ ಕೊಟ್ಟಿದ್ದರು. ಅಜ್ಜನ ಕಾಲು ಹಿಡಿತ ಸಿಗದೆ ತಡಕಾಡಿತ್ತು. ಈಗ ಅವನು ಒಂದು ಗಳಿಗೆ ತಡೆಯಲಿಲ್ಲ. ಆಗಲೇ ನೀಲಿ ಹೋಡಿಯ ಮೂತಿಗೆ ಹಲಗೆ ಇಡಿಸಿ, ಮೊಳೆ ಹೊಡೆಯಲು ಕಾಕಾನಿಗೆ ಹೇಳಿದ.

"ಒಣಗೇತಿ ಅಪ್ಪಾ. ನೀರಾಗ ಹಾಕಿ ನಾಳೆ ಹೊಡೀತೇನಿ."

"ಹೊಡಿ ಅಂದ್ನೆಲ್ಲ."

ಎರಡನೆಯ ಮೊಳೆಗೆ ಸದ್ದಾಯಿತು. ಒಲೆಯ ಬದಿಯಲ್ಲಿ ಒಣಗಿದ್ದ ಹಲಗೆ ಎರಡು ಪಾದಗಳ ನಡುವೆ ಸೀಳಿತು. ನೆನೆಸದೆ ಮೊಳೆ ಹೊಡೆಯಬೇಡಿ ಎಂದು ಜೀವಮಾನವಿಡೀ ಊರಿಗೆಲ್ಲ ಹೇಳಿದವನೇ ಅಜ್ಜ. ಅವನು ಕಾಕಾನ ಕೈಯಿಂದ ಸುತ್ತಿಗೆ ಇಸಿದುಕೊಂಡು, ಒಳಗೆ ಹೋಗಿ, ಅದರ ಜಾಗದಲ್ಲಿ ಇಟ್ಟ. ಆಮೇಲೆ ಯಾವ ಹೋಡಿಯನ್ನೂ ಅವನು ಬಯ್ಯಲಿಲ್ಲ. ಅವನ ಬಯ್ಗುಳ ನಿಂತದ್ದೇ ಮನೆಯಲ್ಲಿ ನಮಗೆಲ್ಲ ಭಾರವಾಯಿತು.

ಆ ಮನೆ ಈಗಿಲ್ಲ. ಕಾಕಾ ಇಚಲಕರಂಜಿಯ ಮಗ್ಗದ ಕೆಲಸಕ್ಕೆ ಹೋದ, ಸೀಳಿದ ಹಲಗೆಯಲ್ಲಿ ಬಲಗಾಲಿನ ತುಂಡು ಎಲ್ಲಿ ಹೋಯಿತೋ ಗೊತ್ತಿಲ್ಲ. ಎಡಗಾಲಿನದು ನನ್ನ ಹತ್ತಿರವಿದೆ. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಅದರ ತಗ್ಗಿಗೆ ಒಂದು ಬೊಗಸೆ ನೀರು ಹಾಕುತ್ತೇನೆ. ಸೀಳಿದ ಮೇಲೆ ನೆನೆಸಿ ಏನು ಬಂತು ಎಂದು ನನಗೂ ಗೊತ್ತು. ಆದರೂ ಒಣಗಲು ಬಿಡುವುದಿಲ್ಲ.