ಫಾರಮ್ಮಿನಲ್ಲಿ ಕೊಸರಿಗೆ ಜಾಗವಿರಲಿಲ್ಲ

ನಾನು ಆಗ ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್. ಕಚೇರಿ ಕೂಡ್ಲಿಗಿಯಲ್ಲಿ, ಮನೆ ಕೊಟ್ಟೂರಿನಲ್ಲಿ. ಹೊಸ ನೌಕರಿ, ಇಸ್ತ್ರಿ ಅಂಗಿ, ತಲೆತುಂಬ ಕಾಯ್ದೆ. ಆಗಿನ ನನ್ನನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವ್ವ ಶೇಂಗಾ ಎಣ್ಣೆ ಕೊಳ್ಳುತ್ತಿದ್ದದ್ದು ನಮ್ಮ ಓಣಿಯ ಗಾಣದವನ ಹತ್ತಿರ. ಹಿತ್ತಾಳೆಯ ಲೀಟರ್ ಅಳತೆಯಿಂದ ಸುರಿದ ಮೇಲೆ ಒಂದು ಸೌಟು ಕೊಸರು ಹಾಕದೆ ಅವನು ಬಾಟಲಿ ಕೊಟ್ಟವನೇ ಅಲ್ಲ. ಹಾಕದಿದ್ದರೆ ಅವ್ವ ಬಿಡುತ್ತಲೂ ಇರಲಿಲ್ಲ, ಆ ಮಾತು ಬೇರೆ.

ಆ ವರ್ಷ ದೊಡ್ಡ ಕಂಪನಿಯೊಂದರ ಡಬ್ಬಿ ಎಣ್ಣೆ ಊರಿಗೆ ಬಂತು. ಯಾರೂ ಕೊಳ್ಳಲಿಲ್ಲ. ಆಮೇಲೆ ಅದರ ಏಜೆಂಟ ಟೈಪು ಮಾಡಿಸಿದ ಅರ್ಜಿ ನಮ್ಮ ಕಚೇರಿಗೆ ಬಂತು: ಬಿಡಿ ಎಣ್ಣೆಯವರು ಅಳತೆಯಲ್ಲಿ ಮೋಸ ಮಾಡುತ್ತಾರೆ. ಮೊದಲು ಅವನ ಗೋದಾಮಿಗೇ ಹೋದೆ. ಒಂದು ಡಬ್ಬಿಯನ್ನಾದರೂ ಒಡೆಸಿ ಅಳೆಯಬಹುದಿತ್ತು. ಅವನು ಕುರ್ಚಿ ಹಾಕಿ "ಕುಂದರ್ರಿ ಸಾಹೇಬ್ರ" ಅಂದ. ನಾನು ಲೇಬಲ್ ಓದಿ ಸರಿಯಿದೆ ಎಂದು ಬರೆದು ಎದ್ದೆ.

ಗಾಣದವನ ಅಂಗಡಿಯಲ್ಲಿ ಮಾತ್ರ ಕಾಯ್ದೆ ಪೂರ್ತಿ ನೆನಪಾಯಿತು. ಅವನ ಅಳತೆಯ ತಳ ಒಳಕ್ಕೆ ನೆಗ್ಗಿ, ಲೀಟರಿಗೆ ತುಸು ಕಡಿಮೆ ಹಿಡಿಯುತ್ತಿತ್ತು. ಅಳೆದು ತೋರಿಸಲು ಹೇಳಿದೆ. ಅವನು ಸುರಿದು, ರೂಢಿಯಂತೆ ಸೌಟಿಗೆ ಕೈ ಹಾಕಿದ.

"ಕೊಸರು ಬ್ಯಾಡ್ರಿ," ಅಂದೆ.

"ಅದು ನೆಗ್ಗೈತಿ ಅಂತಾನ ಸೌಟು ತುಂಬ ಹಾಕ್ತೀನ್ರಿ. ಬೇಕಾದ್ರ ನಿಮ್ಮ ಅವ್ವಾರನ್ನ ಕೇಳ್ರಿ."

ಕೇಳುವುದೇನಿತ್ತು, ನನಗೇ ಗೊತ್ತಿತ್ತು. ಆದರೆ ಫಾರಮ್ಮಿನಲ್ಲಿ ಕೊಸರಿಗೆ ಜಾಗವಿರಲಿಲ್ಲ. 'ಅಳತೆ ಕಡಿಮೆ' ಎಂದು ಬರೆದು ಆ ಹಿತ್ತಾಳೆಯ ಪಾತ್ರೆಯನ್ನು ಜಪ್ತಿ ಮಾಡಿದೆ. ಸಹಿ ಹಾಕಿದ ಮೇಲೆ ಅವನು ಒಳಗಿನಿಂದ ಒಂದು ಬಾಟಲಿ ತಂದ.

"ಅವ್ವಾರದು. ಮುಂಜಾನೆನ ತುಂಬಿಟ್ಟಿದ್ದೆ, ಒಯ್ರಿ."

ಜಪ್ತಿಯ ಪಾತ್ರೆ ಒಂದು ಕೈಯಲ್ಲಿತ್ತು, ಇನ್ನೊಂದು ಕೈಯಲ್ಲಿ ಅದನ್ನು ಹಿಡಿದೆ. ಬಾಟಲಿ ಕಂಠದವರೆಗೆ ತುಂಬಿತ್ತು.

ಕೇಸು ಕೋರ್ಟಿಗೆ ಹೋಗುವ ಮೊದಲೇ ಮೋಸಗಾರ ಎಂಬ ಮಾತು ಊರು ಸುತ್ತಿತು. ತಿಂಗಳೊಳಗೆ ಗಾಣ ನಿಂತಿತು. ಓಣಿಯ ಅಂಗಡಿಗಳಲ್ಲಿ ಏಜೆಂಟನ ಡಬ್ಬಿಗಳು ಕುಳಿತವು.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ. ಆ ಬಾಟಲಿಯ ಕೊನೆಯ ಎಣ್ಣೆಯನ್ನು ಅವ್ವ ನನ್ನ ಚಟ್ನಿಪುಡಿಗೆ ಸುರಿಯುತ್ತಾ ಕೇಳಿದಳು, "ಕೊಸರಿನ ಮಾತೂ ಬರ್ದಿದ್ದಿ ಹೌದಿಲ್ಲೋ? ಓಣ್ಯಾಗ ಎಲ್ಲಾರಿಗೂ ನನ್ನ ಮಗ ಬರ್ದಾನ ಅಂತ ಹೇಳೀನಿ."

"ಬರ್ದೀನಿ," ಅಂದೆ.

"ಹಂಗಾದ್ರ ಅದನ್ನ ಅಳಿಸಿದವನ ಕೈಗೆ ಹುಳ ಬೀಳ್ಲಿ," ಎಂದು ಅವ್ವ ಇನ್ನೊಂದು ರೊಟ್ಟಿ ಹಾಕಿದಳು.

ಆ ಕೈಯಲ್ಲೇ ಮುರಿದು ತಿಂದೆ.