ತಾಯಲೂರಿನ ಕುಂಡಲಮ್ಮ

ನಾನು ಬರೆದ ಚಿತ್ರವನ್ನು ತಾಯಲೂರಿನವರು ಹೆಣದ ಹಾಗೆ ಹೊತ್ತುಕೊಂಡು ಹೋಗಿ ಕೆರೆಗೆ ಬಿಟ್ಟರು. ಚಿತ್ರ ಬರೆಯಲೆಂದೇ ನಾರ್ವೆಯಿಂದ ಬಂದು, ಮುಳಬಾಗಿಲು ಕಡೆಯ ಈ ಊರಿನಲ್ಲಿ ಮನೆ ಹಿಡಿದಿದ್ದೆ. ಕುಂಬಾರರ ವೆಂಕಟಮ್ಮನ ಸೊಸೆ ಮುನಿಯಮ್ಮ ನನ್ನೆದುರು ನಗುತ್ತಾ ಕೂತಿದ್ದಳು. ಕಣ್ಣು ಬರೆದು ಮುಗಿಸಿದ ಸಂಜೆಯೇ ಅವಳಿಗೆ ಜ್ವರ ಬಂತು. ವಾರ ತುಂಬುವುದರೊಳಗೆ ಹೋಗಿಬಿಟ್ಟಳು.

ನಮ್ಮ ಕಡೆ ಸತ್ತವರ ಚಿತ್ರದ ಕೆಳಗೇ ಕೂತು ಊಟ ಮಾಡುತ್ತೇವೆ. ಇಲ್ಲಿ ಬದುಕಿದ್ದವರೂ ನನ್ನನ್ನು ಕಂಡರೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳತೊಡಗಿದರು. ಹಾಲಿನವಳು ಚೊಂಬನ್ನು ಬೇಲಿಯಾಚೆಯೇ ಇಟ್ಟು ಹೋಗುತ್ತಿದ್ದಳು. ಯುದ್ಧ ಶುರುವಾಗಿತ್ತು, ಊರಿಗೆ ಹೋಗೋಣವೆಂದರೆ ಹಡಗಿಲ್ಲ. ಕೊನೆಗೆ ವೆಂಕಟಮ್ಮನ ಅಂಗಳಕ್ಕೇ ಹೋಗಿ ನಿಂತೆ. ಬೈದರೂ ಸರಿ, ಯಾರಾದರೂ ಮಾತಾಡಲಿ ಅಂತ.

ಅವಳು ಬೈಯಲಿಲ್ಲ. ಮಣ್ಣಿನ ಮುದ್ದೆಯೊಂದನ್ನು ನನ್ನತ್ತ ತಳ್ಳಿ, "ಕಣ್ಣು ಬರೆಯೋದು ಬಿಟ್ಬಿಡು ದೊರೆಸಾನಿ. ಇದನ್ನ ತಟ್ಟು," ಅಂದಳು.

ಕುಂಬಾರರ ಚಕ್ರವನ್ನು ಹೆಂಗಸರು ಮುಟ್ಟುವಂತಿಲ್ಲ. ಒಳಗೊಂದು ಕಲ್ಲು ಹಿಡಿದು, ಹೊರಗಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಮಡಕೆ ಹಿಗ್ಗಿಸುವುದನ್ನು ಕಲಿತೆ. ಕುಂಡ ಅನ್ನುವ ಮಾತನ್ನೂ ಕಲಿತೆ. ತೆಲುಗು ಬೆರೆತ ಇಲ್ಲಿನ ಮಾತಿನಲ್ಲಿ ಮಡಕೆಗೆ ಹಾಗನ್ನುತ್ತಾರೆ. ನನ್ನ ಕುಂಡದಲ್ಲಿ ಯಾರೂ ಸಾರು ಕಾಯಿಸಲಿಲ್ಲ. ಆದರೆ ಊರಲ್ಲಿ ಸಾವಾದಾಗ, ಮಣ್ಣು ಮಾಡುವಲ್ಲಿ ನೀರು ಹೊತ್ತು ಒಡೆಯುವ ಮಡಕೆಗಾಗಿ ನನ್ನ ಬಾಗಿಲಿಗೇ ಬಂದರು.

ಮೊದಲ ಸಲ ಬಂದ ಗಂಡಸು ತಲೆ ಎತ್ತದೆ ಹೇಳಿದ: "ನೀವು ಮಾಡಿದ್ದಾದ್ರೆ ಸತ್ತೋರು ತಿರುಗಿ ನೋಡಲ್ವಂತೆ."

ಹೊಸದಾಗಿ ಸುಟ್ಟ ಮಡಕೆಯೊಂದನ್ನು ಎತ್ತಿ ಕೊಟ್ಟೆ. ಆಮೇಲೆ ಹಾಲಿನವಳು ಬೇಲಿ ದಾಟಿ ಒಳಗೆ ಬಂದಳು. ದೊರೆಸಾನಿ ಅನ್ನುತ್ತಿದ್ದವರು ಕುಂಡಲಮ್ಮ, ಅಂದರೆ ಮಡಕೆಗಳ ಅಮ್ಮ, ಅನ್ನತೊಡಗಿದರು. ಅಂತೂ ಊರಿನಲ್ಲಿ ನನಗೊಂದು ಜಾಗ ಸಿಕ್ಕಿತ್ತು. ಕೆಲವು ಸಲ ಯಾರೂ ಕೇಳದೆಯೇ ಕೈ ಅಂಥದೊಂದು ಮಡಕೆಯನ್ನು ತಟ್ಟಿ ಮುಗಿಸುತ್ತಿತ್ತು. ಸುಟ್ಟು ತೆಗೆಯುವ ಹೊತ್ತಿಗೆ ಸಾವಿನ ಮನೆಯವರು ಯಾರೋ ಒಬ್ಬರು ಅಂಗಳದಲ್ಲಿ ಬಂದು ನಿಂತಿರುತ್ತಿದ್ದರು.

ಈಗ ಯುದ್ಧ ಮುಗಿದಿದೆ. ತಂಗಿ ಹಡಗಿನ ಟಿಕೆಟ್ಟು ಕಳಿಸಿದ್ದಾಳೆ. ಸುದ್ದಿ ತಿಳಿದು ವೆಂಕಟಮ್ಮ ಬಂದಳು. ಗಟ್ಟಿಮುಟ್ಟಾಗಿಯೇ ಇದ್ದಾಳೆ.

"ಹೋಗೋ ಮುಂಚೆ ನಂದೊಂದು ಮಾಡಿಟ್ಟು ಹೋಗಮ್ಮ."

"ನಿನಗೆ ಈಗ್ಯಾಕೆ ವೆಂಕಟಮ್ಮ?"

"ಆಮೇಲೆ ನಾನು ಯಾರನ್ನ ಕೇಳ್ಲಿ?"

ಅರ್ಧ ತಟ್ಟಿ, ಒದ್ದೆ ಬಟ್ಟೆ ಹೊದಿಸಿಟ್ಟಿದ್ದೇನೆ. ದಿನಾ ಬೆಳಿಗ್ಗೆ ಬಟ್ಟೆಗೆ ನೀರು ಚಿಮುಕಿಸುತ್ತೇನೆ. ಆ ಹೊತ್ತಿಗೆ ಸರಿಯಾಗಿ ವೆಂಕಟಮ್ಮ ಬರುತ್ತಾಳೆ.

"ಆಯ್ತಾ?" ಅನ್ನುತ್ತಾಳೆ.

"ಇನ್ನೂ ಹಸಿ," ಅನ್ನುತ್ತೇನೆ.

ಮುಂಬಯಿಯಿಂದ ಹಡಗು ಹೊರಡುವ ದಿನ ಹತ್ತಿರ ಬರುತ್ತಿದೆ.